ಗ್ವಾಡಿ ಆಚೆಯ ಮಗ್ಗ

ಒಂಬತ್ತು ಕಿಲೋಮೀಟರ್ ಅಷ್ಟೇ, ಅಂದ ಗಂಡ,
ಅದಕ್ಯಾಕ ಇಷ್ಟೊಂದು ಹಗ್ಗ?
ಹಗ್ಗಕ್ಕ ದೂರ ಗೊತ್ತಿಲ್ಲ, ಗಂಟು ಅಷ್ಟೇ ಗೊತ್ತು
ಅಂದು ಹಲ್ಲಾಗ ತುದಿ ಹಿಡಿದು ಎಳದೆ.

ಕಿರಾಣಿ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗಿ ಹನ್ನೊಂದು.
ಸಾಬೂನಿನ ಪೆಟ್ಟಿಗ್ಯಾಗ ಜ್ವಾಳದ ಹಿಟ್ಟು,
ಬಿಸ್ಕೀಟಿನ ಪೆಟ್ಟಿಗ್ಯಾಗ ಅತ್ತಿಯ ಚಷ್ಮಾ, ಔಷಧದ ಚೀಟಿ.
ಅತ್ತಿ ಹೋಗಿ ಮೂರು ವರ್ಷ ಆತು,
ಆದರೂ ಆ ಚಷ್ಮಾಕ್ಕ ಒಂದು ಮೂಲಿ ಹುಡುಕಲೇಬೇಕು.

ಗಾಜಿನ ಸಾಮಾನಿನ ಮ್ಯಾಲ ಮಸಿಲೆ ಬರದೆ:
ಒಡೀತಾವ, ಹಗೂರಕ ಇಡ್ರಿ.
ಸಾಮಾನು ಎಷ್ಟದ ನೋಡಾಕ ಬಂದ ಟೆಂಪೋದ ದಸ್ತಗೀರ
ಪೆಟ್ಟಿಗಿ ತಿರುವಿ ತಿರುವಿ ನೋಡಿ
ಮೌಸಿ, ಇದಕ್ಕ ತಲಿ ಯಾವ ಕಡೆ, ಅಂದ.
ಮರಾಠಿ ಸಾಲಿಯ ನನ್ನ ಸುವರ್ಣಾ
ಕನ್ನಡದ ಮಗ್ಗಲಕ ಒಂದು ಲೋಟಾ ಬರದಳು,
ಲೋಟಾಕ್ಕ ಒಂದು ಬಿರುಕು.
ಇನ್ನ ಯಾವ ಭಾಷಾದಾಂವನೂ ಒಗ್ಯಾಂಗಿಲ್ಲ.

ಈ ಖೋಲಿಗೆ ಗ್ವಾಡಿ ನಾಲ್ಕು. ಅದರಾಗ ಒಂದು ನಮ್ಮದಲ್ಲ,
ಮಗ್ಗದ್ದು.
ಆಚಿಕಡೆ ಎಂಟು ಪಾವರ್‌ಲೂಮು,
ರಾತ್ರಿ ಪಾಳಿಯಾಗ ನಾಲ್ಕು ನನ್ನ ಗಂಡನವು.
ಖಟಖಟ ಖಟಖಟ, ಚಾದರದ ಮ್ಯಾಲ ಚಾದರ.
ಎಳಿ ಹರದು ಒಂದು ಮಗ್ಗ ಸುಮ್ಮನಾದರ
ಹಾಸಿಗ್ಯಾಗ ಮಲಗಿದಾಕಿಗೆ ತಿಳೀತಿತ್ತು:
ಈಗ ಎದ್ದ, ಈಗ ಬಗ್ಗಿದ, ಈಗ ಗಂಟು ಹಾಕಿದ.
ಮತ್ತ ಖಟಖಟ. ನನಗ ನಿದ್ದಿ.

ಆ ನಡಕಕ್ಕ ಹಲಿಗಿ ಮ್ಯಾಲಿನ ಪಾತ್ರಿ
ಸಾಲು ಹಿಡಿದು ನಡೀತಿದ್ದವು,
ಹಗಲೊಂದು ಬೆರಳು, ರಾತ್ರಿಯೊಂದು ಬೆರಳು, ಅಂಚಿನ ಕಡೆ.
ಹದಿನಾಲ್ಕು ವರ್ಷ, ಮಲಗೂ ಮುಂದ,
ಅಂಗೈಲೆ ಎಲ್ಲಾನೂ ಹಿಂದಕ ತಳ್ಳಿ ದೀಪ ಆರಿಸಿದಾಕಿ ನಾನು.
ಮನಿಗೆಲಸದ ಲೆಕ್ಕದಾಗ ಇದನ್ನ ಯಾರೂ ಹಿಡಿದಿಲ್ಲ.
ನಾನೂ ಹಿಡಿದಿದ್ದಿಲ್ಲ, ಇವತ್ತಿನ ತನಕ.
ಸುವರ್ಣಾ ಹುಟ್ಟಿದ ರಾತ್ರಿ ಒಂದೇ ತಪ್ಪಿತ್ತು.
ದವಾಖಾನಿಯಿಂದ ಬಂದು ನೋಡಿದರ ತಾಮ್ರದ ಚರಿಗಿ ಕೆಳಗ,
ಹೊಟ್ಟಿಗೆ ತಗ್ಗು.
ಆ ತಗ್ಗಿನಾಗ ಹೆಬ್ಬೆರಳು ಈಗೂ ಸರಿಯಾಗಿ ಕೂಡತದ.

ಎಲ್ಲಾಕ್ಕಿಂತ ತಳಕ ಸಿಕ್ಕದ್ದು ನಮ್ಮದಲ್ಲದ ಬಟ್ಟಲ.
ಕಂಠದ ಮ್ಯಾಲ ಚುಕ್ಕಿಚುಕ್ಕಿಲೆ ಕೊರದ ಹೆಸರು.
ನಮ್ಮ ಅಕ್ಷರ ಅಂತ ಓದಾಕ ಹೋದರ
ತಲಿಕಟ್ಟು ಒಂದೀಟು ಬ್ಯಾರೆ ಕಡೆ ಹೊಳ್ಳ್ಯದ.
ಬಾಜೂಮನಿ ನರಸಮ್ಮಂದು!
ಯಾವ ಹಬ್ಬದ ಪಾಯಸದ್ದೋ, ಯಾವ ಕಡದ ಸಕ್ಕರಿದೋ.
ಬರೇ ಬಟ್ಟಲ ಹೊಳ್ಳಿ ಕೊಡಬಾರದು ಅಂತಿದ್ದಳು ಅತ್ತಿ.
ಆದರ ಸಕ್ಕರಿ ಎಂಟನೇ ಪೆಟ್ಟಿಗ್ಯಾಗೋ ಒಂಬತ್ತನೇದರಾಗೋ,
ಅದರ ಮ್ಯಾಲ ಹಾಸಿಗಿ, ಹಾಸಿಗಿ ಮ್ಯಾಲ ಹಗ್ಗ.
ಕಡೀಕ ಸೂಜಿ ಡಬ್ಬಿಯಿಂದ
ಹತ್ತಿಪ್ಪತ್ತು ಅಂಗಿ ಗುಂಡಿ ಹಾಕಿ ಒಯ್ದೆ.
ನರಸಮ್ಮ ತೊಡಿ ಮ್ಯಾಲಿನ ಬೀಡಿ ಮರ ಸರಿಸದೇ ಇಣುಕಿ,
ತನ್ನ ತೆಲುಗು ಕಲಸಿದ ಕನ್ನಡದಾಗ
ಅಕ್ಕಾ, ಇವಕ್ಕ ಕುಕ್ಕರಿನಾಗ ಎಷ್ಟು ಸೀಟಿ, ಅಂದಳು.
ಬಿದ್ದು ಬಿದ್ದು ನಕ್ಕೆವು.
ಆಮ್ಯಾಲ ನಗೂದು ನಿಂತು
ಇಬ್ಬರೂ ತುಂಬರಿ ಎಲಿ ನೋಡಕೋತ ಕೂತೆವು.

ಹೊಸಾ ಮನಿ ಸ್ವಂತದ್ದು, ಸೊಲ್ಲಾಪುರದ ಊರಾಚೆ,
ಸುತ್ತ ತೊಗರಿ ಹೊಲ. ನಾಲ್ಕೂ ಗ್ವಾಡಿ ನಮ್ಮವೇ.
ಹೊಟ್ಟ್ಯಾಗ ಹಾಲು ಹೊಯ್ದಂಗ ಆಗಬೇಕು ನನಗ,
ಆಗ್ಯದ, ಇಲ್ಲ ಅನ್ನಂಗಿಲ್ಲ.
ಗಂಡ ಮಾತ್ರ ಪಾಳಿ ಮುಗಿಸಿ ಸೈಕಲ್ ತುಳೀಬೇಕು.
ಎಳಿ ಹರದರ ಇನ್ನ ಅಲ್ಲೇ ಹರೀತದ,
ನನಗ ತಿಳಿಯಾಂಗಿಲ್ಲ.

ಮುಂಜಾನೆ ಹಲಿಗಿ ಬರಿದು. ಹಾಸಿದ ಹಳೇ ಪೇಪರಿನ ಮ್ಯಾಲ
ಪಾತ್ರಿ ನಡದ ಗೆರಿ ಮೂಡ್ಯಾವ,
ಉದ್ದುದ್ದ, ಎಲ್ಲಾ ಒಂದೇ ಕಡೆ.
ಸುವರ್ಣಾ ಕಿತ್ತಾಕ ಕೈ ಹಾಕಿದಳು. ಇರಲಿ ಬಿಡು, ಅಂದೆ.

ದಸ್ತಗೀರ ಎರಡು ಸಲ ಹಾರ್ನ್ ಹೊಡದ.
ತಾಮ್ರದ ಚರಿಗಿ ಮಾತ್ರ ಪೆಟ್ಟಿಗ್ಯಾಗ ಹಾಕಿಲ್ಲ ನಾನು,
ತೊಡಿ ಮ್ಯಾಲ ಇಟ್ಟಕೊಂಡು ಕೂತೀನಿ.
ಟೆಂಪೋ ನಡಗಿದರ
ಹಿಡಿಯಾಕ ಒಂದರೇ ಇರಲಿ.