ಒರೆಸಬಾರದ ಧೂಳು

ಮದುವೆಯಾಗಿ ನಾನು ಈ ಮನೆಗೆ ಬಂದಾಗಲೇ
ಬಚ್ಚಲ ಗೋಡೆಯಲ್ಲಿ ಇದು ನೇತಾಡುತ್ತಿತ್ತು,
ಜಿಂಕೆಗೊಂಬಿನ ಜರಿಗಿಡ.
ಐಲ್ಸಾ ನೆಟ್ಟದ್ದು, ಅಂದ ಡೆಸ್ಮಂಡ್.
ನೆಟ್ಟದ್ದೆಲ್ಲಿ ಬಂತು, ಕಟ್ಟಿದ್ದು:
ಹಲಗೆಗೆ, ತನ್ನದೇ ಹಳೆಯ ಕಾಲುಚೀಲದಿಂದ.

ಮೊದಲ ವಾರವೇ ಒದ್ದೆ ಬಟ್ಟೆ ಹಿಡಿದು
ಎಲೆಗಳ ಬೂದಿಬಣ್ಣವನ್ನೆಲ್ಲ ಒರೆಸಿಹಾಕಿದೆ.
ಧೂಳಲ್ಲವಂತೆ ಅದು, ರೋಮ;
ಬ್ರಿಸ್ಬೇನಿನ ಜನವರಿಗೆಂದು ಗಿಡ ತಾನೇ ಹೊದ್ದದ್ದು.
ಕಿಟಕಿಯ ಕಡೆಯ ಕೊಂಬೊಂದು ಸುಟ್ಟು ಕಪ್ಪಾಯಿತು.
ಡೆಸ್ಮಂಡ್ ಏನೂ ಅನ್ನಲಿಲ್ಲ.
ಅನ್ನಬಹುದಿತ್ತು.

ಬುಡಕ್ಕೆ ಅಂಟಿದ ಕಂದು ಎಲೆ, ಹಪ್ಪಳದಂತೆ ಒಣಗಿದ್ದು.
ಕೀಳೋಣವೆಂದು ಉಗುರು ಹಾಕಿದ್ದೆ,
ಪಕ್ಕದ ಮನೆಯ ಥೆಲ್ಮಾ ಗದರಿದಳು:
"ಸತ್ತರೂ ಅದಕ್ಕೆ ಕೆಲಸವಿದೆ ಮಾರಾಯ್ತಿ,
ಬೇರನ್ನು ಹಿಡಿದುಕೊಂಡಿರೋದೇ ಅದು."
ಅದರ ಹಿಂದಿನ ಸಂದಿಗೆ ಬಾಳೆಹಣ್ಣಿನ ಸಿಪ್ಪೆ ತುರುಕಿ ಹೋದಳು,
ಪೆಟ್ಟಿಗೆಗೆ ಕಾಗದ ಹಾಕಿದ ಹಾಗೆ.

ಈಗ ಭಾನುವಾರಗಳಂದು
ಹಲಗೆ ಇಳಿಸಿ ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತೇನೆ.
ಗುಳ್ಳೆ ಏಳುವುದು ನಿಲ್ಲುವವರೆಗೂ
ಅಂಚಿನ ಮೇಲೆ ಕೂತು ಕಾಲುಗುರು ಕತ್ತರಿಸಿಕೊಳ್ಳುತ್ತೇನೆ.
ಎತ್ತಿದರೆ ಕೂಸಿನಷ್ಟು ಭಾರ; ಮೊಣಕೈವರೆಗೆ ನೀರು.

ಈ ಸಲ ಕಂದು ಎಲೆಯ ಮೇಲೆ
ಹಸಿರು ತಟ್ಟೆಯೊಂದು ಹರಡುತ್ತಿದೆ,
ಅಂಚು ಇನ್ನೂ ಎಳಸು.
ಸೋರಲೆಂದು ಹಲಗೆ ತಿರುಗಿಸಿದಾಗ ಕಂಡಿತು
ಬೆನ್ನಿನಲ್ಲಿ ಪೆನ್ಸಿಲ್ ಬರಹ:
"ಬೆರಳಿಟ್ಟು ನೋಡಿ ಆಮೇಲೆ ನೀರು ಹಾಕು, ಡೆಸ್."

ಅಂದರೆ ಅವಳಿಗೆ ಗೊತ್ತಿತ್ತು.
ಬಟ್ಟೆ ಕೈಯಲ್ಲೇ ಇತ್ತು.
ಸುತ್ತಲಿನ ಹನಿಗಳನ್ನಷ್ಟೇ ಒತ್ತಿಕೊಂಡು
ಮತ್ತೆ ಮೊಳೆಗೆ ಹಾಕಿದೆ.