ಶೂನ್ಯ ಟಿಕೇಟು

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ತಡಾಲ
ಎಲ್ಲವನ್ನೂ ಇಪ್ಪತ್ತರಿಂದ ಗುಣಿಸುತ್ತಾಳೆ.
ಟೀ ಹನ್ನೆರಡು, ಅಂದರೆ ಇನ್ನೂರ ನಲವತ್ತು ಕ್ವಾಚಾ.
ಬೇಡ.
ಬಾಳೆಹಣ್ಣು ಆರು, ಅಂದರೆ ನೂರಿಪ್ಪತ್ತು.
ಕೊಂಚ ಯೋಚಿಸಿ, ಒಂದು.
ಸಿಪ್ಪೆ ಹಸುವಿಗೆ,
ಲೆಕ್ಕ ನೀಲಿ ನೋಟ್‌ಬುಕ್ಕಿಗೆ.

ಮಲಾವಿಯ ಡೆಡ್ಜಾದಿಂದ
ಕೃಷಿ ಓದಲು ಕಾರೆಕೆರೆಗೆ ಬಂದವಳು ಅವಳು,
ಅರಕಲಗೂಡಿನಿಂದ ಬಂದವಳು ನಾನು.
ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕಿಟಕಿ,
ವಾರ್ಡನ್ ಕಣ್ಣಿಗೆ ಬೀಳದ ಒಂದೇ ಕರೆಂಟು ಒಲೆ.

ಮೊದಲ ವಾರ ಮೆಸ್ಸಿನಲ್ಲಿ
ಉಳಿದವರು ಮುದ್ದೆ ನೋಡಿ ಮುಖ ಕಿವುಚುವಾಗ
ಇವಳು ಬೆರಳಲ್ಲೇ ಮುರಿದು, ಉಂಡೆ ಕಟ್ಟಿ,
ಹೆಬ್ಬೆಟ್ಟಿನಿಂದ ಗುಳಿ ಮಾಡಿ,
ಸಾರು ತುಂಬಿ ಬಾಯಿಗಿಟ್ಟಳು.
ಅಗಿದಳು.
ಅದೊಂದೇ ತಪ್ಪು.
"ನಮ್ಮ ನ್ಸೀಮಾ ಬೆಳ್ಳಗಿರುತ್ತೆ," ಅಂದಳು,
"ಇದು ಅದರ ಅಕ್ಕ,
ಬಿಸಿಲಲ್ಲಿ ಕಳೆ ಕಿತ್ತು ಬಂದಿದ್ದಾಳೆ."

ಡೆಡ್ಜಾದಲ್ಲೂ ಆಲೂಗಡ್ಡೆಯಂತೆ.
ಎಪಿಎಂಸಿ ಗೇಟಿನಲ್ಲಿ ಮೂಟೆಯಿಂದ ಉರುಳಿದವನ್ನು
ಹೆಕ್ಕಿ ತಂದು ಹಮಾಲರ ಮುದುಕನಿಗೆ ಕೊಟ್ಟಳು.
"ಇಟ್ಕಳವ್ವ" ಅಂದ.
ನೋಟ್‌ಬುಕ್ಕಿನಲ್ಲಿ ಆ ದಿನ:
ಆಲೂಗಡ್ಡೆ ನಾಲ್ಕು. ರೂಪಾಯಿ ಸೊನ್ನೆ.
ಅಜ್ಜನ ಹೆಸರು ಕೇಳಬೇಕು.

ಭಾನುವಾರಗಳು ಊರು ಸುತ್ತಲು.
ಅವಳದು ಒಂದೇ ನಿಯಮ:
ಬುತ್ತಿಯ ಚಿತ್ರಾನ್ನ ಹಳಸುವ ಮೊದಲು ಹಿಂತಿರುಗಬೇಕು.
ಹಳೇಬೀಡಿನಲ್ಲಿ ಶಿಲಾಬಾಲಿಕೆಯರ ಮುಂದೆ ಹೆಚ್ಚು ನಿಲ್ಲಲಿಲ್ಲ,
ಬುಡದ ಆನೆ ಸಾಲಿನ ಪಕ್ಕ ಬಗ್ಗಿ ಬಗ್ಗಿ ನಡೆದಳು.
"ನಮ್ಮಲ್ಲಿ ಇವು ಜೋಳದ ಹೊಲಕ್ಕೆ ನುಗ್ಗುತ್ತವೆ."
"ನಮ್ಮಲ್ಲೂ," ಅಂದೆ.
ಇಬ್ಬರೂ ಕಲ್ಲಾನೆಗಳಿಂದ ಒಂದು ಹೆಜ್ಜೆ ದೂರ ಸರಿದೆವು.

ಪ್ರತಿ ಬಸ್ಸಿನಲ್ಲೂ ಅದೇ ಆಟ.
ಕಂಡಕ್ಟರ್ ಆಧಾರ್ ಕೇಳುತ್ತಾನೆ,
ನಾನು ತೋರಿಸುತ್ತೇನೆ,
ಯಂತ್ರ ಕಿರ್ರೆಂದು ಶೂನ್ಯವನ್ನು ಹರಿದು ಕೊಡುತ್ತದೆ.
ಅವಳು ನಾಣ್ಯ ಎಣಿಸುತ್ತಾಳೆ.
ಒಂದೇ ಸೀಟು, ಒಂದೇ ಗುಂಡಿ,
ಒಟ್ಟಿಗೇ ಎಗರಿ ಒಟ್ಟಿಗೇ ಬೀಳುತ್ತೇವೆ,
ಅವಳು ಹಣ ಕೊಟ್ಟು, ನಾನು ಪುಕ್ಕಟೆ.

ಜುಲೈಯಲ್ಲಿ ಫೋನು ಬಂತು.
ಅವಳ ಅಗೊಗೊ, ಅಮ್ಮನ ಅಮ್ಮ, ಇನ್ನಿಲ್ಲ.
ವಿಮಾನದ ದರ ನೋಡಿದಳು.
ಅದನ್ನು ಗುಣಿಸಲಿಲ್ಲ.
ಎರಡು ದಿನ ಲ್ಯಾಬಿಗೆ ಹೋದಳು, ಬಂದಳು,
ಮಣ್ಣಿನ ಮಾದರಿಗಳಿಗೆ ಚೀಟಿ ಅಂಟಿಸಿದಳು.
ಮೂರನೆಯ ದಿನ,
"ದೊಡ್ಡ ನೀರು ನೋಡಬೇಕು. ಅಗ್ಗದ್ದು ಎಲ್ಲಿದೆ?"

ಗೊರೂರು ಬಸ್ಸು.
ಆಧಾರ್ ಬ್ಯಾಗಿನ ತಳಕ್ಕೆ ತುರುಕಿ
"ಎರಡು ಕೊಡಿ" ಅಂದೆ.
"ನಿಂಗೆ ಫ್ರೀ ಅಲ್ವೇನಮ್ಮ?"
"ಕಾರ್ಡು ಮರ್ತು ಬಂದಿದೀನಿ."
ತಡಾಲ ನೋಡಿದಳು, ನನ್ನನ್ನು, ಬ್ಯಾಗನ್ನು.
ಶುರುವಾಯಿತು.
ಮೂವತ್ತು ರೂಪಾಯಿ! ಆರುನೂರು! ಕತ್ತೆ!
ಅಗೊಗೊ ಇದ್ದಿದ್ದರೆ ನಿನ್ನ ಕಿವಿ ಹಿಂಡುತ್ತಿದ್ದಳು,
ಉಪ್ಪಿನ ಪೊಟ್ಟಣ ಕೂಡ ತೊಳೆದಿಡುತ್ತಿದ್ದವಳು ಅವಳು,
ಮೀನಿನ ಬುಟ್ಟಿ ಹೊತ್ತು ನಡೆದೇ ಹೋಗುತ್ತಿದ್ದಳು,
ಬಸ್ಸು ಪಕ್ಕದಲ್ಲೇ ಹೋದರೂ, ಗೊತ್ತಾ ನಿನಗೆ,
ಪಕ್ಕದಲ್ಲೇ...
ಬೈಯುತ್ತಾ ಬೈಯುತ್ತಾ ಅತ್ತಳು.
ಹಿಂದಿನ ಸೀಟಿನ ಹೂವಿನ ಹೆಂಗಸು
ಏನೂ ಕೇಳದೆ ನೀರಿನ ಬಾಟಲಿ ಚಾಚಿದಳು.

ಹೇಮಾವತಿ ತುಂಬಿ ನಿಂತಿತ್ತು.
"ಚಿಕ್ಕದು," ಅಂದಳು,
"ನಮ್ಮ ಸರೋವರಕ್ಕೆ ಆಚೆ ದಡ ಕಾಣಿಸೋದಿಲ್ಲ."
ಆಮೇಲೆ ಅಂಗೈ ಅಡ್ಡ ಹಿಡಿದು
ಆಚೆಯ ಗುಡ್ಡ, ಮರ, ಟವರು ಎಲ್ಲ ಮುಚ್ಚಿದಳು.
ಕೈ ನೋಯುವವರೆಗೂ ಹಾಗೇ ಕೂತಿದ್ದಳು.
ಆಮೇಲೆ ನಾನು ನನ್ನ ಕೈ ಹಿಡಿದೆ.

ರಾತ್ರಿ ನೀಲಿ ನೋಟ್‌ಬುಕ್ಕು:
ಗೊರೂರು ಮೂವತ್ತು. ಕಡಲೆಕಾಯಿ ಹತ್ತು.
ಇನ್ನೊಂದು ಮೂವತ್ತು,
ಅದರ ಪಕ್ಕ ಅವಳ ಭಾಷೆಯಲ್ಲಿ ಒಂದು ಪದ.
ಅರ್ಥ ಕೇಳಿದೆ. ಹೇಳಲಿಲ್ಲ.
ದೀಪ ಆರಿಸಿ ಎಷ್ಟೋ ಹೊತ್ತಾದ ಮೇಲೆ
ಕತ್ತಲಿಂದ ದನಿ ಬಂತು:
"ಸದ್ಯ, ಬರುವಾಗಲಾದರೂ ಕಾರ್ಡು ತೋರಿಸಿದೆ."