ಮಲಕಾರಿಯ ಬಿಲ್ಲೆಗಳು

ಕಸಬಾ ಪೇಠೆಯ ಈಜುಕೊಳ, ಬೆಳಗಿನ ಮೊದಲ ಬ್ಯಾಚು.
ಬಟ್ಟೆ ಕಾಯುವ ಮಲಕಾರಿ ಜತ್ತದ ಕಡೆಯವನು;
ಊರಿಗೆಲ್ಲ ಮರಾಠಿಯಲ್ಲಿ ಗದರುತ್ತಾನೆ,
ನನಗೂ ಅವನ ಅಳಿಯ ಅಮೋಗಿಗೂ ಕನ್ನಡದಲ್ಲಿ.
ಬೆನ್ನ ಹಿಂದೆ ಅರವತ್ತನಾಲ್ಕು ಗೂಡು, ಒಂದಕ್ಕೂ ಬಾಗಿಲಿಲ್ಲ.
ಪ್ಯಾಂಟು, ವಾಚು, ಮೊಬೈಲು, ಮನೆಯ ಕೀಲಿ ಎಲ್ಲ ಅದರೊಳಗೆ.
ನಮ್ಮ ಕಾಲಿಗೊಂದು ರಬ್ಬರು, ರಬ್ಬರಿಗೊಂದು ಹಿತ್ತಾಳೆ ಬಿಲ್ಲೆ.

ಮೊದಲೆಲ್ಲ ಸಾಲಾಗಿ ಕೊಡುತ್ತಿದ್ದ.
ನನಗೆ ಹದಿನೇಳಾದರೆ ಹಿಂದಿನವನಿಗೆ ಹದಿನೆಂಟು.
ಯಾವನೋ ಅದನ್ನು ಲೆಕ್ಕ ಹಾಕಿದ.
ಠೋಸರ ವಕೀಲರ ಬೆನ್ನಿಗೇ ನಿಂತು ಪಕ್ಕದ ಗೂಡು ಪಡೆದ.
ಎರಡು ನಿಮಿಷ ಮುಳುಗೆದ್ದು ಬಂದು
ತನ್ನ ಟವೆಲ್ಲಿಗೆ ಕೈ ಹಾಕಿದವನು
ಒಂದು ಗೇಣು ಹೆಚ್ಚಿಗೆ ಚಾಚಿದ.
ಅಷ್ಟೆ.

ನಾನೂ ಹಗಲೆಲ್ಲ ಗೂಡು ಕಾಯುವವನೇ,
ಖರಾಡಿಯಲ್ಲಿ, ಏಳನೇ ಮಹಡಿಯ ತಣ್ಣನೆ ಗಾಳಿಯಲ್ಲಿ.
ಕರ್ನಲ್ಲಿನೊಳಗೆ ಮೆಮೊರಿ ಅಂದರೆ ನೆನಪಲ್ಲ, ಜಾಗ;
ಮೈಕ್ರೋಸೆಕೆಂಡಿನ ಬಾಡಿಗೆಗೆ ಸಿಗುವ ಜಾಗ.
ಒಬ್ಬ ಬಿಟ್ಟದ್ದು ಮತ್ತೊಬ್ಬನಿಗೆ,
ಹೋದವನ ಮೈಬಿಸಿ ಇನ್ನೂ ಆರದೆ.
ಪಕ್ಕದಲ್ಲಿ ಯಾರೆಂದು ಮೊದಲೇ ಗೊತ್ತಿದ್ದರೆ
ಆ ಒಂದು ಗೇಣು ಏನು ಮಹಾ.
ಅದಕ್ಕೇ ನನ್ನ ಪ್ಯಾಚು:
ಖಾಲಿ ಗೂಡುಗಳ ಪಟ್ಟಿಯನ್ನು ಇಸ್ಪೀಟಿನಂತೆ ಕಲೆಸು.

ಮಲಕಾರಿಗೂ ಅದನ್ನೇ ಹೇಳಿದೆ. ಬಿಲ್ಲೆಗಳನ್ನು
ಬಿಸ್ಕತ್ತಿನ ಡಬ್ಬಿಗೆ ಸುರಿದು ಕುಲುಕಿದ.

ಆಮೇಲೆ ನೋಡಿ ಬೈಗುಳ.
ಅಪ್ಪ, ಮೂರು ಮಕ್ಕಳು ಬಂದರೆ ನಾಲ್ಕು ದಿಕ್ಕಿಗೆ ನಾಲ್ಕು ಗೂಡು.
ಒಂದೇ ಬಾಚಿಗೆ ಎತ್ತಿಕೊಡುತ್ತಿದ್ದವನು
ಈಗ ಏಣಿ ಹತ್ತಿ, ಇಳಿದು, ಮಂಡಿ ಹಿಡಿದು
ನನ್ನನ್ನೇ ನೋಡುತ್ತಾನೆ.
ಆಫೀಸಿನಲ್ಲಿ ಮೃಣ್ಮಯಿ ಪರಚುರೆಯದೂ ಅದೇ ನೋಟ:
ಶೇಕಡಾ ಎರಡು ನಿಧಾನವಾಗಿದೆ, ಯಾವ ಕಳ್ಳನಿಗಾಗಿ?
ಬಾರದೆ ಹೋದ ಕಳ್ಳನನ್ನು ನಾನೆಲ್ಲಿಂದ ಹಿಡಿದು ತೋರಿಸಲಿ.

ಇನ್ನೊಂದು ಮಾತು, ಅವಳಿಗೆ ಹೇಳಿಲ್ಲ.
ಹನ್ನೊಂದು ದಿನ ಸತತ ನನಗೆ ಮೂವತ್ತೊಂದೇ ಬಂತು.
ಬೀಗ ತೆಗೆದ ಹೊತ್ತಿನಲ್ಲಿ ಮಲಕಾರಿಯ ಕೈಗೆ ಇನ್ನೂ ನಿದ್ದೆ;
ಮೂರೇ ಸಲ, ಅದೇ ಲಯದಲ್ಲಿ ಅಲ್ಲಾಡಿಸಿ
ಅದೇ ಮೂಲೆಗೆ ಬೆರಳಿಡುತ್ತಾನೆ.
ಆಗಷ್ಟೇ ಎದ್ದ ಯಂತ್ರದ ಪಾಡೂ ಇದೇ.
ಯಾರೂ ಒಂದು ಅಕ್ಷರ ಒತ್ತಿಲ್ಲ, ಹೊರಗಿನಿಂದ ಸುದ್ದಿಯಿಲ್ಲ,
ಗೊಂದಲವನ್ನು ಅದು ಯಾರಲ್ಲಿ ಕಡ ಕೇಳಬೇಕು?
ಅಸ್ತವ್ಯಸ್ತವಾಗುವುದಕ್ಕೂ ಸ್ವಲ್ಪ ಸಂತೆ ಬೇಕು.

ಈಗ ಬಂದವರೆಲ್ಲ ಒಮ್ಮೊಮ್ಮೆ ಡಬ್ಬಿ ಕುಲುಕುವ ನಿಯಮ.
ಹುಡುಗರು ಅದಕ್ಕೆಂದೇ ಬೇಗ ಬರುತ್ತಾರೆ.
ಮಾರ್ಚಿನಿಂದ ಒಂದು ಕರವಸ್ತ್ರವೂ ಕಳೆದಿಲ್ಲ.
ಸ್ವಲ್ಪ ಬೀಗಿದ್ದೆ ಕೂಡ, ಸುಳ್ಳೇಕೆ.

ಮೊನ್ನೆ ಭಾನುವಾರ. ನೀರಿಗಿಂತ ಜನವೇ ಹೆಚ್ಚು.
ಠೋಸರ ವಕೀಲರು ಕಟ್ಟೆ ಹಿಡಿದು ಗುಳಿಗೆ ಬೇಕೆಂದು ಕೂಗಿದರು.
ಏಣಿಯ ತುದಿಯಿಂದ ಮಲಕಾರಿ, ಕೆಳಗಿದ್ದ ಅಮೋಗಿಗೆ,
ತಗಡಿನ ಮಾಡು ಗುಂಯ್ ಎನ್ನುವಂತೆ:
"ನಾಕನೇ ಸಾಲಿನಾಗ ಐತ್ಯೋ, ಎಡಕ್ಕ, ತುದೀಗೆ!
ಪಾಕೀಟು ಮ್ಯಾಲೇ ಐತಿ, ಬೀಳಿಸಗಿಳಿಸೀ!"

ಕನ್ನಡದಲ್ಲಿ ಕೂಗಿದರೆ ಪುಣೆಗೆ ತಿಳಿಯದೆಂದು ಅವನ ಧೈರ್ಯ.

ನೀರಿನ ಮೇಲೆ ಮೂರು ತಲೆ ಅತ್ತ ತಿರುಗಿದವು.
ಒಂದು ನನ್ನದು.
ಉಳಿದೆರಡರ ಬಿಲ್ಲೆ ನೀರೊಳಗಿದೆ.